ಎಂಟು ಏಳರ ಲೋಕಲ್‌ನಲ್ಲಿ ನೂರ ನಲವತ್ತೆರಡು ದೇಶಗಳು

ವನಮಾಲಾಗೆ ನಗು ಬಂದರೆ ನಿಲ್ಲಿಸುವುದು ಕಷ್ಟ. ಬರಬಾರದ ಜಾಗದಲ್ಲೇ ಬರುವುದು ಅದರ ಅಭ್ಯಾಸ. ಮದುವೆಯಲ್ಲಿ ಧಾರೆ ಎರೆಯುವಾಗ ನಕ್ಕಿದ್ದಳಂತೆ. ಆಫೀಸಿನ ಇಂಟರ್‌ವ್ಯೂನಲ್ಲಿ ನಕ್ಕಿದ್ದಳಂತೆ. ಬೊರಿವಲಿಯಿಂದ ಚರ್ಚ್‌ಗೇಟಿಗೆ ಹೋಗುವ ಎಂಟು ಏಳರ ಫಾಸ್ಟ್ ಲೋಕಲ್‌ನಲ್ಲಿ, ಹೆಂಗಸರ ಸೆಕೆಂಡ್ ಕ್ಲಾಸ್ ಡಬ್ಬಿಯಲ್ಲಿ, ಆರು ವರ್ಷ ಅವಳ ಎದುರು ಸೀಟಿನಲ್ಲಿ ಕೂತವಳು ನಾನು. ಆ ನಗುವಿಗೆ ನನ್ನಷ್ಟು ಸಾಕ್ಷಿ ಬೇರೆ ಯಾರೂ ಇರಲಿಕ್ಕಿಲ್ಲ.

ಅವಳು ಮೈಸೂರಿನ ಕೃಷ್ಣಮೂರ್ತಿಪುರಂ ಹುಡುಗಿ. ಮಹಾರಾಣಿ ಕಾಲೇಜಿನಲ್ಲಿ ಬಿ.ಎಸ್ಸಿ. ಓದಿ, ಸಂಖ್ಯಾಶಾಸ್ತ್ರದಲ್ಲಿ ಮೊದಲ ದರ್ಜೆ ತೆಗೆದು, 1981ರಲ್ಲಿ ಸತ್ಯಮೂರ್ತಿಯವರನ್ನು ಮದುವೆಯಾಗಿ ಮುಂಬೈಗೆ ಬಂದಳು. ಅವರು ವಿಮಾ ಕಚೇರಿಯೊಂದರಲ್ಲಿ ಸೆಕ್ಷನ್ ಆಫೀಸರ್; ಮಾತು ಕಡಿಮೆ, ಎಚ್ಚರಿಕೆ ಜಾಸ್ತಿ. ಮೂರು ವರ್ಷ ಬೊರಿವಲಿಯ ಬಿಲ್ಡಿಂಗಿನ ಮೂರನೇ ಮಹಡಿಯಲ್ಲಿ ಕೂತು ಗೋಡೆ ನೋಡಿ ಸಾಕಾಗಿ, ಪೇಪರಿನಲ್ಲಿ ಜಾಹೀರಾತು ಕಂಡು ಒಂದು ಅರ್ಜಿ ಹಾಕಿದಳು. ಕೆಲಸ ಸಿಕ್ಕಿತು. ಚರ್ಚ್‌ಗೇಟ್ ಹತ್ತಿರದ ಫೋರ್ಟ್‌ನಲ್ಲಿ ಹಳೆಯ ಕಟ್ಟಡವೊಂದರ ಎರಡು ಕೋಣೆಯ ಸಂಸ್ಥೆ ಅದು. ಜಗತ್ತಿನ ಯಾವ ದೇಶ ಎಷ್ಟು ಕಲ್ಲಿದ್ದಲು, ಎಷ್ಟು ಎಣ್ಣೆ, ಎಷ್ಟು ಗ್ಯಾಸು ಸುಡುತ್ತದೆ ಅಂತ ಲೆಕ್ಕ ಇಡುವುದು ಅವರ ಉದ್ಯೋಗ. ಮುಖ್ಯಸ್ಥರು ಡಾಕ್ಟರ್ ಕರಮರ್ಕರ್. ಅವರ ಕೈಕೆಳಗೆ ಇದ್ದವರು ಒಬ್ಬ ಟೈಪಿಸ್ಟ್, ಒಬ್ಬ ಪ್ಯೂನ್ ಮತ್ತು ವನಮಾಲಾ.

ಬೇರೆಯವರು ಗಂಡನ ಸುದ್ದಿ, ಅತ್ತೆಯ ಸುದ್ದಿ ಹೇಳುತ್ತಿದ್ದಾಗ ಇವಳು ದೇಶಗಳ ಸುದ್ದಿ ಹೇಳುತ್ತಿದ್ದಳು. "ಸುಮಿತ್ರಾ, ನಾರ್ವೆಯವರು ಎಣ್ಣೆ ತೆಗೆದು ಮಾರ್ತಾರೆ ಕಣೇ, ಮನೆ ದೀಪಕ್ಕೆ ಮಾತ್ರ ಜಲಪಾತದ ಕರೆಂಟು! ಮಿಠಾಯಿ ಅಂಗಡಿಯವನು ಮನೇಲಿ ಸಿಹಿ ತಿನ್ನದ ಹಾಗೆ!" ಅಂತ ಹೇಳಿ ತನ್ನ ಮಾತಿಗೆ ತಾನೇ ನಗುವಳು. ನಾನು ಒಂದು ಬ್ಯಾಂಕಿನಲ್ಲಿ ಕ್ಲರ್ಕು, ತುಮಕೂರಿನವಳು. ನಾರ್ವೆ ಎಲ್ಲಿದೆ ಅಂತ ಆವರೆಗೆ ನನಗೆ ಗೊತ್ತಿರಲಿಲ್ಲ.

1990ರ ಮಳೆಗಾಲ. ಗಣಪತಿ ವಿಸರ್ಜನೆ ಮುಗಿದ ವಾರ ಒಂದು ಬೆಳಿಗ್ಗೆ ವನಮಾಲಾ ಡಬ್ಬಿ ಹತ್ತಿದವಳೇ ಸೀಟಿನ ಮೇಲೆ ಕುಸಿದಳು. ಭುಜ ಕುಣಿಯುತ್ತಿತ್ತು, ಕಣ್ಣಲ್ಲಿ ನೀರು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯದೆ ನಾವೆಲ್ಲ ಗಾಬರಿಯಾದೆವು.

"ಎಂತ ಆಯ್ತು ಮಾರಾಯ್ರೆ?" ಅಂತ ಪ್ರಫುಲ್ಲಾ ಅವಳ ಬೆನ್ನು ತಟ್ಟಿದಳು. ಪ್ರಫುಲ್ಲಾ ಉಡುಪಿ ಕಡೆಯವಳು, ಪ್ರಭಾದೇವಿಯ ಒಂದು ಶಾಲೆಯಲ್ಲಿ ಡ್ರಾಯಿಂಗ್ ಟೀಚರ್.

"ಬೂಷ್ಟು!" ಅಂದಳು ವನಮಾಲಾ. "ಫ್ಲಾಪಿಗೆ ಬೂಷ್ಟು ಬಂದಿದೆ! ಉಪ್ಪಿನಕಾಯಿಗೆ ಬರೋ ಹಾಗೆ, ಬೆಳ್ಳಗೆ!"

ಆಮೇಲೆ ಸಮಾಧಾನವಾಗಿ ಹೇಳಿದಳು. ಅವರ ಆಫೀಸಿಗೆ ಹಿಂದಿನ ವರ್ಷ ಒಂದೇ ಒಂದು ಕಂಪ್ಯೂಟರ್ ಬಂದಿತ್ತು. ಎಂಟು ತಿಂಗಳು ಕೂತು ನೂರ ನಲವತ್ತೆರಡು ದೇಶಗಳ ಲೆಕ್ಕವನ್ನು ಅವಳು ಎರಡು ಫ್ಲಾಪಿಯಲ್ಲಿ ತುಂಬಿದ್ದಳು. ಒಂದು ಅಸಲು, ಇನ್ನೊಂದು ನಕಲು. ಎರಡನ್ನೂ ಬಲು ಜೋಪಾನವಾಗಿ ಒಂದೇ ಕಬ್ಬಿಣದ ಬೀರುವಿನಲ್ಲಿ ಇಟ್ಟಿದ್ದಳು. ಬೀರುವಿನ ಹಿಂದಿನ ಗೋಡೆ ಇಡೀ ಆಷಾಢ ಶ್ರಾವಣ ಸೋರಿತ್ತು. ಎರಡೂ ಹೋದವು. ಅಕ್ಟೋಬರ್ ಕೊನೆಗೆ ಜಿನೀವಾದಲ್ಲಿ ಹವಾಮಾನದ ಬಗ್ಗೆ ದೊಡ್ಡ ಸಭೆ. ಕರಮರ್ಕರ್ ಸಾಹೇಬರು ಆ ಕೋಷ್ಟಕವನ್ನು ಅಲ್ಲಿಗೆ ಒಯ್ಯಬೇಕು. ಲೆಕ್ಕದ ಮೂಲ ಪುಸ್ತಕಗಳು ಇದ್ದವು. ಆದರೆ ಎಲ್ಲವನ್ನೂ ಮೊದಲಿನಿಂದ ಮಾಡಬೇಕು.

"ಟೈಪಿಂಗಿಗೆ ಬಿಟ್ಟು ಐದು ವಾರ ಇದೆ. ದಿನಕ್ಕೆ ಐದು ದೇಶ. ನಾನು ಒಬ್ಬಳು," ಅಂದಳು.

ಕಿಟಕಿ ಪಕ್ಕದಲ್ಲಿ ತೊಡೆಯ ಮೇಲೆ ಪೇಪರು ಹಾಸಿ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದ ಇಂದ್ರಾಬಾಯಿ ಕೈ ನಿಲ್ಲಿಸಿದರು. ಬೆಳಗಾವಿಯವರು, ಐವತ್ತು ದಾಟಿದವರು, ಒಂದು ಸರ್ಕಾರಿ ಕಚೇರಿಯಲ್ಲಿ ಹೆಡ್ ಕ್ಲರ್ಕು. ನಮ್ಮ ಡಬ್ಬಿಯಲ್ಲಿ ಯಾರು ಯಾವ ಸೀಟಿಗೆ ಅಂತ ತೀರ್ಮಾನ ಮಾಡುವವರು. "ಲೆಕ್ಕ ಅಂದ್ರ ಏನ ಮಾಡೂದು, ಹೇಳು."

"ಕಲ್ಲಿದ್ದಲು, ಎಣ್ಣೆ, ಗ್ಯಾಸು. ಯಾವುದು ಸುಟ್ಟರೂ ಅದರೊಳಗಿನ ಇಂಗಾಲ ಕಣ್ಣಿಗೆ ಕಾಣದ ಗಾಳಿಯಾಗಿ ಮೇಲೆ ಹೋಗುತ್ತೆ. ಒಂದೊಂದಕ್ಕೂ ಒಂದೊಂದು ಸಂಖ್ಯೆ ಇದೆ. ಗುಣಿಸಬೇಕು, ಮೂರನ್ನೂ ಕೂಡಬೇಕು, ಆ ದೇಶದ ಜನಸಂಖ್ಯೆಯಿಂದ ಭಾಗಿಸಬೇಕು. ತಲೆಗೆ ಎಷ್ಟು ಬಂತು ಅಂತ ಬರೀಬೇಕು. ಅಷ್ಟೇ."

"ಅಷ್ಟ ಏನು? ನನಗೊಂದು ದೇಶ ಕೊಡು."

ಎಲ್ಲವೂ ಶುರುವಾಗಿದ್ದು ಈ ಒಂದು ಮಾತಿನಿಂದ. ಮಾರನೆಯ ದಿನ ವನಮಾಲಾ ಝೆರಾಕ್ಸ್ ಮಾಡಿಸಿದ ಹಾಳೆಗಳ ಕಟ್ಟು ತಂದಳು. ಮಲಾಡ್ ಬರುವಷ್ಟರಲ್ಲಿ ಡಬ್ಬಿಯಲ್ಲಿ ಜಗತ್ತಿನ ಹಂಚಿಕೆ ನಡೆದಿತ್ತು. ಅಮೆರಿಕ, ಚೀನಾ, ನಮ್ಮ ದೇಶ, ಇಂಥ ದೊಡ್ಡ ಹತ್ತನ್ನು ಅವಳೇ ಇಟ್ಟುಕೊಂಡಳು. ಉಳಿದವು ಹತ್ತೊಂಬತ್ತು ಹೆಂಗಸರ ಪಾಲಾದವು. ಇಂದ್ರಾಬಾಯಿ ಪೂರ್ವ ಜರ್ಮನಿಯೇ ಬೇಕು ಅಂತ ಹಟ ಹಿಡಿದರು. "ಟಿ.ವಿ.ಯೊಳಗ ಒಲಿಂಪಿಕ್ಸ್ ನೋಡೇನಿ. ಆ ಹುಡುಗ್ಯಾರು ಏನ ಈಜತಾವು! ಮೀನದ್ಹಂಗ." ಪ್ರಫುಲ್ಲಾ ಕುವೈತ್ ಕೇಳಿ ತೆಗೆದುಕೊಂಡಳು. ಅವಳ ಅಣ್ಣ ಅಲ್ಲಿದ್ದ. ಆಗಸ್ಟ್‌ನಲ್ಲಿ ಇರಾಕಿನ ಸೈನ್ಯ ಅಲ್ಲಿಗೆ ನುಗ್ಗಿದಾಗಿನಿಂದ ಅವನ ಸುದ್ದಿ ಇರಲಿಲ್ಲ. "ನನ್ನ ಕೈಯಲ್ಲಿ ಅದೊಂದು ಇರ್ಲಿ," ಅಂದಳು, ಯಾರ ಮುಖವನ್ನೂ ನೋಡದೆ. ಪಟ್ಟಿಯ ತೀರ ಬಾಲದಲ್ಲಿದ್ದ ಝಾಂಬಿಯಾ, ಝೈರ್, ಝಿಂಬಾಬ್ವೆ ನನಗೆ ಬಂದವು. ಬೇಜಾರಾಗಿತ್ತು. ಒಂದು ವಾರದಲ್ಲಿ ಝಿಂಬಾಬ್ವೆಯನ್ನು ಯಾರಾದರೂ ಸಣ್ಣ ದೇಶ ಅಂದರೆ ಜಗಳಕ್ಕೆ ಹೋಗುತ್ತಿದ್ದೆ.

ಮನೆಯಲ್ಲಿ ಸತ್ಯಮೂರ್ತಿಯವರು ತಲೆ ಮೇಲೆ ಕೈ ಇಟ್ಟುಕೊಂಡರಂತೆ. "ಆಫೀಸಿನ ಕೆಲಸಾನ ರೈಲಲ್ಲಿ ಹಂಚಿದೀಯಾ? ಸಾಹೇಬರಿಗೆ ಗೊತ್ತಾದರೆ?"

"ಗೊತ್ತಾಗೋಷ್ಟರಲ್ಲಿ ಮುಗಿದಿರುತ್ತೆ," ಅಂದಳಂತೆ ಇವಳು.

ಆ ವಾರಗಳಲ್ಲಿ ಎಂಟು ಏಳರ ಹೆಂಗಸರ ಡಬ್ಬಿ ಒಂದು ಬೇರೆಯೇ ಲೋಕವಾಗಿತ್ತು. ಹೆಸರುಗಳೇ ಮರೆತುಹೋದವು. "ಬ್ರೆಜಿಲ್ ಬಂದಿಲ್ಲವಾ ಇವತ್ತು?" "ಬ್ರೆಜಿಲ್‌ಗೆ ಜ್ವರ." "ಈಜಿಪ್ಟ್, ಸ್ವಲ್ಪ ಸರಿ, ಪೋರ್ಚುಗಲ್ ಕೂತ್ಕೊಳ್ಳಲಿ." ಹೆಚ್ಚಿನವರ ಹತ್ತಿರ ಬೆಳಕಿನಿಂದ ನಡೆಯುವ ಕ್ಯಾಲ್ಕುಲೇಟರು, ನಿಂತವರ ನೆರಳು ಬಿದ್ದರೆ ಅಂಕಿಗಳು ಮಾಯ. ಅಂಧೇರಿಯಲ್ಲಿ ನುಗ್ಗಿದ ಗುಂಪಿಗೆ ಒಬ್ಬಳು ಕಿರುಚಿದಳು: "ಸರಕೋ ಬೆಹೆನ್, ಬ್ರೆಜಿಲ್ ಬುಝ್ ರಹಾ ಹೈ!" ಆ ಗುಂಪಿನಲ್ಲಿದ್ದ ಅಪರಿಚಿತ ಹೆಂಗಸು ತಕ್ಷಣ ಪಕ್ಕಕ್ಕೆ ಸರಿದು, ಬ್ರೆಜಿಲ್ ಆರಿಹೋಗಲಿಲ್ಲ ತಾನೇ ಅಂತ ಬಗ್ಗಿ ನೋಡಿದಳು.

ವನಮಾಲಾ ಮಾತ್ರ ಕೆಲಸದಲ್ಲಿ ಬಹಳ ಕಟ್ಟುನಿಟ್ಟು. ಪ್ರತಿ ದೇಶವನ್ನೂ ಇಬ್ಬರು ಬೇರೆ ಬೇರೆ ದಿನ ಮಾಡಬೇಕು, ಎರಡು ಉತ್ತರ ತಾಳೆಯಾಗಬೇಕು. ಆಗದಿದ್ದರೆ ಇಬ್ಬರೂ ಅವಳೆದುರು ಕೂತು ಮತ್ತೆ ಮಾಡಬೇಕು. ಚರ್ಚ್‌ಗೇಟ್‌ನಲ್ಲಿ ಇಳಿಯುವ ಮುಂಚೆ ಹಾಳೆಗಳು ಅವಳ ಚೀಲ ಸೇರಬೇಕು. ಮೆಕ್ಸಿಕೋ ಹಾಳೆಯ ಮೇಲೆ ಬಟಾಣಿ ಸುಲಿದವಳನ್ನು ಅವಳು ಎರಡು ದಿನ ಮಾತಾಡಿಸಲಿಲ್ಲ.

ಸೆಪ್ಟೆಂಬರ್ ನಡುವಿನಲ್ಲಿ ಒಂದು ಬೆಳಿಗ್ಗೆ ಪ್ರಫುಲ್ಲಾ ಓಡುತ್ತ ಬಂದು, ಹೊರಟಿದ್ದ ಗಾಡಿಗೆ ಹಾರಿ ಹತ್ತಿದಳು. ಕೂದಲು ಬಾಚಿರಲಿಲ್ಲ. "ಬಂದ! ಅಣ್ಣ ಬಂದ! ರಾತ್ರಿ ವಿಮಾನದಲ್ಲಿ, ಒಂದು ಚೀಲ ಹಿಡ್ಕೊಂಡು! ಮರುಭೂಮಿ ದಾಟಿ, ಅಮ್ಮಾನ್‌ನಲ್ಲಿ ಹನ್ನೆರಡು ದಿನ ಟೆಂಟಿನಲ್ಲಿ ಇದ್ದನಂತೆ!" ನಾವು ಅವಳನ್ನು ಹಿಡಿದು ಕುಣಿಸಿದೆವು. ಅವಳು ನಗುತ್ತ ಅಳುತ್ತ ಕುವೈತ್‌ನ ಹಾಳೆ ಹೊರಗೆ ತೆಗೆದು, ಜೋಗೇಶ್ವರಿ ದಾಟುವುದರೊಳಗೆ ಲೆಕ್ಕ ಮುಗಿಸಿ, "ತಕೊಳ್ಳಿ ವನಮಾಲಕ್ಕ, ಕುವೈತ್ ಪಕ್ಕಾ," ಅಂತ ಕೊಟ್ಟಳು.

ಅದಾದ ವಾರ ಇಂದ್ರಾಬಾಯಿಯವರ ಲೆಕ್ಕ ಕೆಟ್ಟಿತು.

ಪೂರ್ವ ಜರ್ಮನಿಯಲ್ಲಿ ಒಬ್ಬೊಬ್ಬರ ತಲೆಗೆ ವರ್ಷಕ್ಕೆ ಹದಿಮೂರು ಸಾವಿರ ಕಿಲೋ ಇಂಗಾಲ ಬಂತು. ಅಮೆರಿಕದವರದೇ ಐದು ಸಾವಿರದ ಚಿಲ್ಲರೆ. ಎರಡನೆಯವಳು ಮಾಡಿದರೂ ಹದಿಮೂರು ಸಾವಿರ. ವನಮಾಲಾ ಮಾಡಿದರೂ ಅಷ್ಟೇ.

"ಅಂದ್ರ ನನ್ನ ಮಂದಿ ಏನ, ಕಲ್ಲಿದ್ಲಿ ತಿಂತಾರೇನು?" ಅಂತ ಇಂದ್ರಾಬಾಯಿ ಸಿಟ್ಟಾದರು. ದೇಶದ ಮರ್ಯಾದೆಯ ಪ್ರಶ್ನೆ.

ವನಮಾಲಾ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿದಳು. ಗುಣಾಕಾರ ಸರಿ, ಭಾಗಾಕಾರ ಸರಿ. ಮೊದಲ ಸಲ ಅವಳ ಮುಖ ಸಣ್ಣಗಾಗಿದ್ದನ್ನು ನಾನು ಕಂಡೆ. ಒಂದು ದೇಶ ತಪ್ಪಾದರೆ ಇಡೀ ಕೋಷ್ಟಕವನ್ನು ಯಾರೂ ನಂಬುವುದಿಲ್ಲ.

ಅಷ್ಟರಲ್ಲಿ ಸೋಮವ್ವ ಹೇರ್‌ಪಿನ್ನು, ರಬ್ಬರ್ ಬ್ಯಾಂಡು, ಬಿಂದಿ ಅಂಟಿಸಿದ ರಟ್ಟು ಹಿಡಿದು ನಮ್ಮ ಸಾಲಿಗೆ ಬಂದಳು. ವಿಜಾಪುರದ ಕಡೆಯವಳು, ದಹಿಸರ್‌ನ ಝೋಪಡಿಯಲ್ಲಿ ವಾಸ, ದಿನವೂ ಇದೇ ಡಬ್ಬಿಗಳಲ್ಲಿ ವ್ಯಾಪಾರ. ಓದು ಬರಹ ಬರದು, ಆದರೆ ನಮ್ಮ ದೇಶಗಳ ಗಲಾಟೆಯೆಲ್ಲ ಅವಳಿಗೆ ಗೊತ್ತು.

"ಯಾಕ್ರಿ ಅಕ್ಕಾರ, ಮಾರಿ ಸಪ್ಪಗ ಮಾಡೀರಿ?"

"ಈ ದೇಶದವರು ಲೆಕ್ಕಕ್ಕಿಂತ ಜಾಸ್ತಿ ಕಲ್ಲಿದ್ದಲು ಸುಡ್ತಾರೆ ಸೋಮವ್ವಾ. ಹೇಗೆ ಅಂತ ಗೊತ್ತಾಗ್ತಿಲ್ಲ."

ಸೋಮವ್ವ ರಟ್ಟನ್ನು ಸೊಂಟಕ್ಕೆ ಒರಗಿಸಿದಳು. "ಯಾವ ಕಲ್ಲಿದ್ಲಿರಿ?"

"ಯಾವ ಕಲ್ಲಿದ್ದಲು ಅಂದರೆ?"

"ಎಲ್ಲಾ ಕಲ್ಲಿದ್ಲೂ ಒಂದ ಏನ್ರಿ? ನಮ್ಮ ಮನಿಯವ್ರು ಪರಳದಾಗ ಮಿಲ್ಲಿನ ಬಾಯ್ಲರಿಗೆ ಕಲ್ಲಿದ್ಲಿ ಹಾಕ್ತಿದ್ರು, ಸಂಪು ಆಗಿ, ಮುಷ್ಕರದಾಗ ಮಿಲ್ಲು ಮುಚ್ಚೂತನಕ. ಚಲೋ ಕರೀ ಕಲ್ಲಿದ್ಲಿ ಬಂದ್ರ ಒಂದ ಬುಟ್ಟಿ ಸಾಕು, ಭುಗ್ ಅಂತಿತ್ತಂತ. ಮಣ್ಣ ಕಲಸಿದ್ದು, ಹಸೀದು ಬಂದ ದಿನ ಮೂರು ಬುಟ್ಟಿ ಸುರುವಿದ್ರೂ ನೀರ ಕಾಯ್ತಿರ್ಲಿಲ್ಲ. ಮನಿಗೆ ಬಂದು ಮಿಲ್ಲಿನವ್ರಿಗೆ ಬೈಯ್ಯಾವ್ರು. ತೂಕ ನೋಡಿದ್ರ ಏನ ತಿಳೀತೈತ್ರಿ? ಕಾವು ನೋಡ್ಬೇಕು."

ವನಮಾಲಾ ಸೋಮವ್ವನನ್ನೇ ನೋಡಿದಳು. ಸಾಂತಾಕ್ರೂಝ್ ಹೋಯಿತು, ಖಾರ್ ಹೋಯಿತು. ಆಮೇಲೆ ಅವಳ ಭುಜ ಕುಣಿಯಲು ಶುರುವಾಯಿತು.

"ಕಂದು ಕಲ್ಲಿದ್ದಲು! ಅವರದು ಕಂದು ಕಲ್ಲಿದ್ದಲು ಕಣೇ, ಸುಮಿತ್ರಾ! ಮಣ್ಣಿನ ಹಾಗೆ ಒದ್ದೆ ಇರುತ್ತೆ. ಮೂರು ಟನ್ ಸುಟ್ಟರೂ ಒಂದು ಟನ್ ಕರಿ ಕಲ್ಲಿದ್ದಲಿನ ಶಾಖ ಬರಲ್ಲ, ಇಂಗಾಲವೂ ಅಷ್ಟೇ ಕಮ್ಮಿ! ನಾನು ಎರಡಕ್ಕೂ ಒಂದೇ ಸಂಖ್ಯೆ ಕೊಟ್ಟುಬಿಟ್ಟಿದೀನಿ!" ಝೆರಾಕ್ಸ್ ಮಾಡುವಾಗ ಪುಟದ ತುದಿ ಕತ್ತರಿಸಿ, ಅಡಿಯಲ್ಲಿದ್ದ ಒಂದು ಸಾಲಿನ ಟಿಪ್ಪಣಿ ಹೋಗಿತ್ತು. ವನಮಾಲಾ ಎದ್ದು ನಿಂತು ಸೋಮವ್ವನ ಎರಡೂ ಕೆನ್ನೆ ಹಿಡಿದಳು. ರಟ್ಟಿನಿಂದ ಬಿಂದಿಗಳು ಉದುರಿದವು.

ಹೊಸ ಸಂಖ್ಯೆ ಹಾಕಿದ ಮೇಲೆ ಪೂರ್ವ ಜರ್ಮನಿ ಐದು ಸಾವಿರದ ಮೇಲೆ ಸ್ವಲ್ಪಕ್ಕೆ ಇಳಿಯಿತು. ಅದೇ ಏನು ಕಡಿಮೆಯಲ್ಲ, ಅಮೆರಿಕದವರ ಹೆಗಲಿಗೆ ಹೆಗಲು. ಆದರೆ ನಂಬಬಹುದಾದ ಅಂಕಿ. ಅದೇ ತಪ್ಪು ಇನ್ನೆಲ್ಲೆಲ್ಲಿ ಆಗಿದೆ ಅಂತ ನೋಡಿದರೆ, ಯುಗೊಸ್ಲಾವಿಯಾ, ಬಲ್ಗೇರಿಯಾ, ಗ್ರೀಸ್, ಜೆಕೊಸ್ಲೊವಾಕಿಯಾ ಎಲ್ಲ ವಾಪಸ್ಸು. "ನನ್ನ ಬಲ್ಗೇರಿಯಾ ಕೊಡೇ!" "ಚೀಲದಲ್ಲಿ ಹೋಯ್ತು!" "ತೆಗಿ ಹೊರಗೆ!" ದಾದರ್‌ನಲ್ಲಿ ಇಳಿಯಬೇಕಾದ ಪ್ರಫುಲ್ಲಾ ಇಳಿಯುವುದನ್ನೇ ಮರೆತು ಚರ್ಚ್‌ಗೇಟಿಗೆ ಬಂದುಬಿಟ್ಟಳು.

ದಸರೆಯ ಹಿಂದಿನ ದಿನ ಲೋಕಲ್‌ನಲ್ಲಿ ಪೂಜೆ ಮಾಡುವುದು ನಮ್ಮ ಪದ್ಧತಿ. ಡಬ್ಬಿಯ ಹಿಡಿಕೆಗಳಿಗೆಲ್ಲ ಚೆಂಡುಹೂವಿನ ಮಾಲೆ, ಬಾಗಿಲಿಗೆ ಮಾವಿನೆಲೆ. ಆ ವರ್ಷ ಇಂದ್ರಾಬಾಯಿ ಇಪ್ಪತ್ತು ಕ್ಯಾಲ್ಕುಲೇಟರುಗಳನ್ನು ಸೀಟಿನ ಮೇಲೆ ಸಾಲಾಗಿ ಇಟ್ಟು ನೀರಲ್ಲಿ ಕಲಸಿದ ಕುಂಕುಮ ಹಚ್ಚಿದರು. ಎರಡು ಹನಿ ಒಳಗಿಳಿದು ನನ್ನದರ ಏಳರ ಅಂಕಿ ಇವತ್ತಿಗೂ ಒತ್ತಿದರೆ ಅಂಟಿಕೊಳ್ಳುತ್ತದೆ.

ಪೂಜೆಯಾದ ಮೇಲೆ ವನಮಾಲಾ ಕೋಷ್ಟಕದ ಕೊನೆಯ ಹಾಳೆ ತೆಗೆದಳು. ಕೆಲಸ ಮುಗಿದಿತ್ತು. "ಒಂದು ತಮಾಷೆ ತೋರಿಸ್ತೀನಿ. ಅಮೆರಿಕದಲ್ಲಿ ತಲೆಗೆ ಐದು ಸಾವಿರ ಕಿಲೋ ಮೇಲೆ. ನಮ್ಮಲ್ಲಿ ಇನ್ನೂರು ಕಿಲೋನೂ ಇಲ್ಲ. ಪ್ರಫುಲ್ಲಾ, ನೀನು ಅಮೆರಿಕ. ಎದ್ದು ನಿಲ್ಲು."

ಪ್ರಫುಲ್ಲಾ ಬಾಗಿಲ ಹತ್ತಿರ ಕಂಬ ಹಿಡಿದು ಸೊಂಟಕ್ಕೆ ಕೈಯಿಟ್ಟು ನಿಂತಳು.

"ಈಗ ಈ ಅಮೆರಿಕ ಒಬ್ಬಳೇ ಸುಡೋದನ್ನ ಸುಡೋಕೆ ನಮ್ಮಲ್ಲಿ ಎಷ್ಟು ಜನ ಬೇಕು? ಎಣಿಸಿ!"

ಇಂದ್ರಾಬಾಯಿ "ಏಕ್!" ಅಂದರು. ನಾನು "ದೋ." ನಮ್ಮ ಬೆಂಚು ಮುಗಿಯಿತು, ಎದುರು ಬೆಂಚು ಮುಗಿಯಿತು. ಪಕ್ಕದ ಸಾಲಿನವರು ಏನು ಅಂತ ತಿಳಿಯದೆಯೇ "ನೌ! ದಸ್!" ಅಂತ ಕೂಗಿದರು. ಹದಿನೈದು, ಹದಿನಾರು. ನಿಂತವರು ಸೇರಿಕೊಂಡರು. ಬಾಂದ್ರಾದಲ್ಲಿ ಹತ್ತಿದ ಕಾಲೇಜು ಹುಡುಗಿಯರನ್ನು ಹತ್ತುತ್ತಿದ್ದ ಹಾಗೇ ಎಣಿಸಿದೆವು. ಇಪ್ಪತ್ತೈದು. ಸೋಮವ್ವ ಇಪ್ಪತ್ತಾರು. ಇಪ್ಪತ್ತೇಳು. ಇನ್ನೊಬ್ಬರು ಬೇಕು! ದಾದರ್ ಬಂತು, ಪೊಲೀಸ್ ಡ್ಯೂಟಿಯ ಹೆಂಗಸೊಬ್ಬಳು ಒಳಗೆ ಕಾಲಿಟ್ಟಳು. ಇಡೀ ಡಬ್ಬಿ ಒಂದೇ ಕಂಠದಲ್ಲಿ "ಅಠ್ಠಾಈಸ್!" ಅಂತ ಕಿರುಚಿತು. ಪಾಪ, ಅವಳು ಬೆಚ್ಚಿ ಲಾಠಿ ಹಿಡಿದಳು. ವಿಷಯ ಹೇಳಿದ ಮೇಲೆ ಪ್ರಫುಲ್ಲಾಳನ್ನು ಅಡಿಯಿಂದ ಮುಡಿವರೆಗೆ ನೋಡಿ, "ಇತ್ಕಾ? ಕಾಯ್ ಕರ್ತೇಸ್ ಗ ಬಾಯಿ?" ಅಂದಳು. ಇಷ್ಟೊಂದು ಸುಟ್ಟು ಅಂಥದ್ದೇನು ಮಾಡುತ್ತೀಯಮ್ಮಾ ಅಂತ. ನಕ್ಕು ನಕ್ಕು ಪ್ರಫುಲ್ಲಾ ಆ ದಿನವೂ ದಾದರ್‌ನಲ್ಲಿ ಇಳಿಯಲಿಲ್ಲ.

ಅಕ್ಟೋಬರ್ ಮೂರಕ್ಕೆ ಎರಡೂ ಜರ್ಮನಿಗಳು ಒಂದಾದವು. ಮಾರನೆಯ ಬೆಳಿಗ್ಗೆ ಇಂದ್ರಾಬಾಯಿ ಪೇಪರು ಮಡಿಸಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. "ನನ್ನ ದೇಶಾನ ಹೋತಲ್ಲ!"

"ಹೋಗಿಲ್ಲ ಬಾಯಿ, ಮದುವೆಯಾಗಿದೆ ಅಂತ ತಿಳ್ಕೊಳ್ಳಿ," ಅಂದಳು ವನಮಾಲಾ. "ನಮ್ಮ ಲೆಕ್ಕ 1988ರದ್ದು. ಕೋಷ್ಟಕದಲ್ಲಿ ನಿಮ್ಮ ಸಾಲು ಹಾಗೇ ಇರುತ್ತೆ."

ಮದುವೆ ಅಂದ ಮೇಲೆ ಸಿಹಿ ಬೇಡವೇ? ಇಂದ್ರಾಬಾಯಿ ಮಾರನೆಯ ದಿನ ಡಬ್ಬಿಗೆಲ್ಲ ಕುಂದಾ ಹಂಚಿದರು. ಪಶ್ಚಿಮ ಜರ್ಮನಿ ಮಾಡಿದ್ದ ಕಾಂದಿವಲಿಯ ನರ್ಸಮ್ಮನನ್ನು "ಬೀಗಿತ್ತಿ" ಅಂತ ಕರೆದು ಎರಡು ತುಂಡು ಹೆಚ್ಚು ಕೊಟ್ಟರು.

ಕರಮರ್ಕರ್ ಸಾಹೇಬರಿಗೆ ಗೊತ್ತಾಗಿದ್ದು ಒಂದು ಮೆಂತ್ಯದ ಎಲೆಯಿಂದ. ಟೈಪಿಗೆ ಕೊಡುವ ಮುಂಚೆ ಅವರು ಹಾಳೆಗಳನ್ನು ತಿರುಗಿಸುತ್ತಿದ್ದರು. ಫಿನ್ಲೆಂಡಿನ ಮೇಲೆ ಎಲೆ ಅಂಟಿತ್ತು. ಕೈಬರಹವೂ ಒಂದೊಂದರದು ಒಂದೊಂದು ಥರ. ಕರೆದು ಕೇಳಿದರು. ವನಮಾಲಾ ಸುಳ್ಳು ಹೇಳಬಲ್ಲವಳಲ್ಲ. ಎಲ್ಲ ಹೇಳಿದಳು. ಹೇಳುವಾಗ ನಗು ಬಂತು. ಅವರು ನಗಲಿಲ್ಲ. ಬಾಗಿಲು ಮುಚ್ಚಿಕೊಂಡು, ತಮಗೆ ತೋಚಿದ ಹದಿಮೂರು ದೇಶಗಳನ್ನು ಆರಿಸಿ, ಇಡೀ ಮಧ್ಯಾಹ್ನ ತಾವೇ ಲೆಕ್ಕ ಮಾಡಿದರು. ಹೊರಗೆ ಕೂತ ವನಮಾಲಾ ಕೆಲಸ ಹೋಯಿತು ಅಂತಲೇ ತಿಳಿದು ಮೇಜಿನ ಡ್ರಾಯರ್ ಖಾಲಿ ಮಾಡಲು ಶುರು ಮಾಡಿದ್ದಳಂತೆ. ಐದೂವರೆಗೆ ಬಾಗಿಲು ತೆರೆಯಿತು.

"ಹನ್ನೆರಡು ಸರಿಯಿದೆ," ಅಂದರು. ಆಮೇಲೆ ಹಾಳೆಗಳನ್ನು ಅವಳ ಮೇಜಿನ ಮೇಲಿಟ್ಟು, "ಹದಿಮೂರನೆಯದರಲ್ಲಿ ನಾನೇ ತಪ್ಪಿದ್ದೆ. ಝಿಂಬಾಬ್ವೆ."

ಅದನ್ನು ಕೇಳಿದ ದಿನ ನಾನು ಬ್ಯಾಂಕಿನಲ್ಲಿ ಎಲ್ಲರಿಗೂ ಚಹಾ ಕುಡಿಸಿದೆ.

ಕೋಷ್ಟಕ ಜಿನೀವಾಕ್ಕೆ ಹೋಯಿತು. ಅಡಿಯಲ್ಲಿ ಕರಮರ್ಕರ್ ಒಂದು ಸಾಲು ಹಾಕಿದ್ದರು: ಇಪ್ಪತ್ತು ಮಂದಿ ಕ್ಷೇತ್ರ ಸಹಾಯಕರ ನೆರವಿನಿಂದ. ಕ್ಷೇತ್ರ ಯಾವುದು ಅಂತ ಬರೆದಿರಲಿಲ್ಲ.

ಜನವರಿಯಲ್ಲಿ ಅವರ ಸಂಸ್ಥೆಯಿಂದ ಒಂದು ಬಾಡಿಗೆ ಸಭಾಂಗಣದಲ್ಲಿ ಗೋಷ್ಠಿ. ಜಿನೀವಾದಲ್ಲಿ ಪರಿಚಯವಾದ ಹೆನ್ಶೆಲ್ ಎಂಬ ವಿಜ್ಞಾನಿ ಬಂದಿದ್ದರು. ಅರವತ್ತರ ಆಸುಪಾಸು, ಎತ್ತರದ ಆಳು, ಮುಂಬೈಯ ಚಳಿಗಾಲದಲ್ಲೂ ಬೆವರುತ್ತಿದ್ದರು. ವನಮಾಲಾ ಕರೆದಳು ಅಂತ ನಾನು, ಪ್ರಫುಲ್ಲಾ, ಇಂದ್ರಾಬಾಯಿ ಅರ್ಧ ದಿನ ರಜೆ ಹಾಕಿ ಹಿಂದಿನ ಸಾಲಿನಲ್ಲಿ ಕೂತಿದ್ದೆವು. ಮುಂದೆ ನಲವತ್ತು ಮಂದಿ ಕೋಟು ತೊಟ್ಟ ಗಂಡಸರು.

ಹೆನ್ಶೆಲ್ ಮಾತಿನ ಮಧ್ಯೆ ನಮ್ಮ ಕೋಷ್ಟಕವನ್ನು ಎತ್ತಿ ಹಿಡಿದರು. "ನಾನು ಲೈಪ್‌ಜಿಗ್‌ನವನು. ಈಗ ಇಲ್ಲದ ದೇಶದವನು. ನಾನು ನೋಡಿದ ಎಷ್ಟೋ ಪಟ್ಟಿಗಳಲ್ಲಿ ನಮ್ಮ ಕಂದು ಕಲ್ಲಿದ್ದಲನ್ನು ತಪ್ಪಾಗಿ ಹಿಡಿದಿದ್ದರು. ಇದರಲ್ಲಿ ಸರಿಯಾಗಿದೆ. ಇದನ್ನು ಗಮನಿಸಿದವರು ಯಾರು?"

ಕರಮರ್ಕರ್ ಕೈ ತೋರಿಸಿದರು. ವನಮಾಲಾ ಎದ್ದು ನಿಂತಳು. ನಲವತ್ತು ಕೋಟುಗಳು ಒಟ್ಟಿಗೆ ತಿರುಗಿದವು. ಅವಳು ಬಾಯಿ ತೆರೆದಳು, ಬಂದದ್ದು ನಗು. ಸೆರಗು ಬಾಯಿಗೆ ಒತ್ತಿಕೊಂಡಳು, ಇನ್ನೂ ಜೋರಾಗಿ ಬಂತು. ಮುಂದಿನ ಸಾಲಿನವರೊಬ್ಬರು ಹುಬ್ಬು ಗಂಟಿಕ್ಕಿದರು. ನನ್ನ ಕೈಯನ್ನು ಇಂದ್ರಾಬಾಯಿ ಎಷ್ಟು ಗಟ್ಟಿಯಾಗಿ ಹಿಡಿದರೆಂದರೆ ಬಳೆ ಒಡೆಯಿತು.

"ನಾನಲ್ಲ ಸರ್," ಅಂದಳು ಕೊನೆಗೆ, ಇಂಗ್ಲಿಷಿನಲ್ಲಿ. "ನಾನು ತಪ್ಪು ಮಾಡಿದ್ದೆ. ಕಂಡುಹಿಡಿದವಳು ಸೋಮವ್ವ. ರೈಲಿನಲ್ಲಿ ಹೇರ್‌ಪಿನ್ ಮಾರುತ್ತಾಳೆ. ಲೆಕ್ಕ ಮಾಡಿದವರು ಎಂಟು ಏಳರ ಬೊರಿವಲಿ ಫಾಸ್ಟ್‌ನ ಹೆಂಗಸರು. ಮೂವರು ಹಿಂದೆ ಕೂತಿದ್ದಾರೆ. ನಿಮ್ಮ ದೇಶ ಆ ನೀಲಿ ಸೀರೆಯವರದು." ಆಮೇಲೆ ನಗು ಹಾಗೇ ನಿಂತಿತು. ತಡವರಿಸದೆ ಎಲ್ಲವನ್ನೂ ಹೇಳಿದಳು: ಬೂಷ್ಟು, ಕತ್ತರಿಸಿಹೋದ ಟಿಪ್ಪಣಿ, ಬಾಯ್ಲರಿನ ಮೂರು ಬುಟ್ಟಿ, ಇಪ್ಪತ್ತೆಂಟು ಹೆಂಗಸರ ಎಣಿಕೆ. ಸಭೆ ಗೊಳ್ಳೆಂದಿತು. ಕರಮರ್ಕರ್ ಮೊದಲು ತಲೆ ತಗ್ಗಿಸಿದರು, ಆಮೇಲೆ ತಾವೂ ಸೇರಿಕೊಂಡರು. ಹೆನ್ಶೆಲ್ ಮಾತ್ರ ನಗದೆ ಕೇಳಿದರು: "ಆ ಸೋಮವ್ವ ಎಲ್ಲಿ ಸಿಗುತ್ತಾರೆ?"

ಸಂಜೆ ಐದು ನಲವತ್ತಕ್ಕೆ ಚರ್ಚ್‌ಗೇಟಿನ ಪ್ಲಾಟ್‌ಫಾರ್ಮಿನಲ್ಲಿ ಸೋಮವ್ವ ರಟ್ಟು ಹಿಡಿದು ನಿಂತಿದ್ದಳು. ಜನ ಎರಡೂ ಕಡೆ ಹರಿಯುತ್ತಿದ್ದರು. ಇಂದ್ರಾಬಾಯಿ ಮುಂದೆ ಹೋಗಿ, ಚಕ್ಕುಲಿಯ ಪೊಟ್ಟಣವನ್ನು ಅತಿಥಿಯ ಕೈಯಲ್ಲಿಟ್ಟು, ಶುದ್ಧ ಬೆಳಗಾವಿ ಕನ್ನಡದಲ್ಲಿ ಹೇಳಿದರು: "ನಿಮ್ಮ ದೇಶ ನನ್ನ ಕಡೆ ಇತ್ತು ನೋಡ್ರಿ. ಚಲೋ ನೋಡಿಕೊಂಡೇನಿ." ವನಮಾಲಾ ಅದನ್ನು ಇಂಗ್ಲಿಷಿಗೆ ತಿರುಗಿಸಿದಳು. ಆ ಎತ್ತರದ ಮನುಷ್ಯ ಸೊಂಟ ಬಗ್ಗಿಸಿ ನಮಸ್ಕಾರ ಮಾಡಿದರು.

ಆಮೇಲೆ ಅವರೂ ಸೋಮವ್ವನೂ ಮಾತಿಗೆ ನಿಂತರು, ನಡುವೆ ವನಮಾಲಾ. ಅವರ ತಾಯಿ ದಿನವೂ ನೆಲಮಾಳಿಗೆಯಿಂದ ನಾಲ್ಕನೇ ಮಹಡಿಗೆ ಎರಡು ಬಕೆಟ್ ಕಂದು ಕಲ್ಲಿದ್ದಲಿನ ಇಟ್ಟಿಗೆ ಹೊರುತ್ತಿದ್ದರಂತೆ. ಬಿದ್ದ ಹಿಮ ಸಂಜೆಯೊಳಗೆ ಬೂದಿ ಬಣ್ಣವಾಗುತ್ತಿತ್ತಂತೆ.

"ಒಗೆದ ಅರಿವಿ ಹೊರಗ ಹಾಕಿದ್ರ ಕರ್ರಗ ಆಕ್ಕಿದ್ದುವೇನು, ಕೇಳ್ರಿ," ಅಂದಳು ಸೋಮವ್ವ.

ಕೇಳಿದಾಗ ಅವರ ಕಣ್ಣು ಅಗಲವಾಯಿತು. "ಹೌದು! ಹೌದು! ಅಮ್ಮ ಅದಕ್ಕೇ ಅಳುತ್ತಿದ್ದಳು!"

"ಮಿಲ್ಲಿನ ಚಾಳಿನ್ಯಾಗ ನಮ್ಮವೂ ಹಂಗ," ಅಂತ ಸೋಮವ್ವ ಅವರ ತೋಳು ತಟ್ಟಿದಳು. "ನಿಮ್ಮವ್ವಗ ಇವು ಕೊಡ್ರಿ." ರಟ್ಟಿನಿಂದ ಒಂದು ಸಾಲು ಹೇರ್‌ಪಿನ್ನು ಕಿತ್ತು ಅವರ ಜೇಬಿಗೆ ತುರುಕಿದಳು. ದುಡ್ಡು ಕೊಡಲು ಬಂದರೆ ಗದರಿಸಿದಳು. ಅಷ್ಟರಲ್ಲಿ ಗಾಡಿ ಬಂತು. ನಾವು ನಾಲ್ವರೂ ಹಾರಿ ಸೀಟು ಹಿಡಿದೆವು. ಕಿಟಕಿಯಿಂದ ನೋಡಿದರೆ ಅವರು ಚಕ್ಕುಲಿ ಕಚ್ಚುತ್ತ ಕೈ ಬೀಸುತ್ತಿದ್ದರು.

ಆ ಏಪ್ರಿಲ್‌ನಲ್ಲಿ ವನಮಾಲಾಗೆ ಬಡ್ತಿ ಬಂತು. ಸತ್ಯಮೂರ್ತಿಯವರು ನೆಂಟರಿಗೆಲ್ಲ ಕಾಗದ ಬರೆದರು, ಎಚ್ಚರಿಕೆಯಿಂದ, ರೈಲಿನ ಸುದ್ದಿ ಬಿಟ್ಟು. ಕರಮರ್ಕರ್ ಮುಂದಿನ ಕೋಷ್ಟಕವನ್ನು ಕಂಪ್ಯೂಟರಿನಲ್ಲೇ ಮಾಡಿಸಿದರು. ಆದರೆ ಎರಡನೆಯ ಸಲ ತಾಳೆ ನೋಡಲು ಹಾಳೆಗಳನ್ನು ಎಂಟು ಏಳಕ್ಕೆ ಕಳಿಸಬೇಕು ಅಂತ ತಾವೇ ಹೇಳಿದರು.

1992ರ ಜನವರಿಯ ಮೊದಲ ವಾರ ಅವಳು ಡಬ್ಬಿ ಹತ್ತಿದಾಗ ಕೈಯಲ್ಲಿ ಹೊಸ ಭೂಪಟವಿತ್ತು. ಸೀಟಿನ ಮೇಲೆ ಹತ್ತಿ ನಿಂತಳು, ಒಂದು ಕೈಯಲ್ಲಿ ಮೇಲಿನ ಹಿಡಿಕೆ.

"ಕೇಳಿ! ಸೋವಿಯತ್ ಒಕ್ಕೂಟ ಒಡೆದಿದೆ. ಇಷ್ಟು ವರ್ಷ ಒಂದೇ ಸಾಲು ಇತ್ತು. ಇನ್ನು ಮೇಲೆ ಹದಿನೈದು ಸಾಲು. ಹದಿನೈದು ಜನ ಹೊಸಬರು ಬೇಕು!"

ಅಂಧೇರಿ ಬರುವಷ್ಟರಲ್ಲಿ ಹದಿನಾಲ್ಕು ಹೋಗಿದ್ದವು. ಉಕ್ರೇನಿಗೆ ಇಬ್ಬರು ಜಗಳವಾಡಿದರು. ಇಂದ್ರಾಬಾಯಿ ನಡುವೆ ಬಿದ್ದು ಅದನ್ನು ತಾವೇ ಇಟ್ಟುಕೊಂಡರು. ಕೊನೆಯದನ್ನು ಬಾಗಿಲಲ್ಲಿ ನೇತಾಡುತ್ತಿದ್ದ, ನಾವ್ಯಾರೂ ಕಂಡಿರದ ಒಬ್ಬ ಹುಡುಗಿ ಕೇಳಿದಳು. ಒಂದು ಕೈಯಿಂದ ಕಂಬ ಹಿಡಿದು, ಇನ್ನೊಂದು ಅಂಗೈಯನ್ನು ವನಮಾಲಾ ಮುಂದೆ ಚಾಚಿದಳು. ವನಮಾಲಾ ಬಗ್ಗಿ, ಆ ಅಂಗೈ ಮೇಲೆ ಬಾಲ್‌ಪೆನ್ನಿನಿಂದ, ಗಾಡಿಯ ಕುಲುಕಾಟದಲ್ಲಿ ಎರಡು ಸಲ ತಪ್ಪಿ, ತುರ್ಕಮೆನಿಸ್ತಾನ ಅಂತ ಬರೆದುಕೊಟ್ಟಳು.